ಹೈಡ್ರೋಜನ್ ಇಲ್ಲದ ಪರೀಕ್ಷೆ

ಅಕ್ಕನ ಮನೆ,
ಭಾನುವಾರ

ರೀ,

ಪ್ರಯೋಗಶಾಲೆಯಲ್ಲಿ ನಿಮ್ಮನ್ನು ಸರ್ ಎನ್ನುತ್ತೇನೆ. ಈ ಕಾಗದ ಅಲ್ಲಿಯ ವಿಷಯದ್ದೇ ಆದರೂ ಬರೆಯುತ್ತಿರುವವಳು ಹೆಂಡತಿ, ಆದ್ದರಿಂದ ಹೀಗೇ ಕರೆಯುತ್ತೇನೆ. ನಾನು ಸಿಟ್ಟು ಮಾಡಿಕೊಂಡು ಅಕ್ಕನ ಮನೆ ಸೇರಿದೆ ಎಂದು ಎಲ್ಲರ ಹತ್ತಿರ ಹೇಳಿಕೊಂಡು ಬಂದಿರಂತೆ. ಸಿಟ್ಟು ಆಮೇಲೆ ಬಂತು, ಮೊದಲು ಬಂದದ್ದು ಅನುಮಾನ.

ಒತ್ತೊತ್ತಾಗಿ ಅಡಕಗೊಳಿಸಿದ ಹೈಡ್ರೋಜನ್ ಮೇಲೆ ಲೇಸರ್ ಬಿದ್ದರೆ ಪ್ರತಿದ್ರವ್ಯ ಹುಟ್ಟುತ್ತದೆ, ಅದು ದ್ರವ್ಯಕ್ಕೆ ತಾಗಿ ಎರಡೂ ಇಲ್ಲವಾಗುತ್ತವೆ, ಆ ಗಳಿಗೆಯ ಮಿಡಿತವೇ ನನ್ನ ಡಿಟೆಕ್ಟರಿನಲ್ಲಿ ಕಾಣುತ್ತದೆ ಎಂಬುದು ನಿಮ್ಮ ಊಹೆ. ನಾನೂ ತಲೆಯಾಡಿಸಿದ್ದೆ. ಆದರೆ ಹೈಡ್ರೋಜನ್ ಇಲ್ಲದೆ ಬರೀ ಲೇಸರ್ ಬಿಟ್ಟು ನೋಡುವ ಪರೀಕ್ಷೆಯನ್ನು ಮಾತ್ರ ನೀವೊಬ್ಬರೇ, ಬಾಗಿಲು ಹಾಕಿಕೊಂಡು ಏಕೆ ಮಾಡುತ್ತಿದ್ದಿರಿ? ನೀನು ಊಟ ಮುಗಿಸ್ಕೊಂಡು ಬಾ, ಅದೇನ್ ಮಹಾ ಕೆಲಸ ಎನ್ನುತ್ತಿದ್ದಿರಿ. ಮನೆಯಲ್ಲಿ ಒಂದು ದಿನವೂ ನನ್ನ ಊಟ ಆಯಿತೇ ಎಂದು ಕೇಳದವರು! ಕಳೆದ ವಾರ ಊಟಕ್ಕೆ ಹೋಗದೆ ಬಾಗಿಲ ಹೊರಗೇ ನಿಂತಿದ್ದೆ. ಒಳಗೆ ಲೇಸರಿನ ಟಕ್ ಟಕ್ ಸದ್ದೇ ಇರಲಿಲ್ಲ. ಹೊರಗೆ ಬಂದ ನೀವು, ಒಂದು ಮಿಡಿತವೂ ಕಾಣಲಿಲ್ಲ ಎಂದಿರಿ. ಲೇಸರನ್ನೇ ಹಾಕದಿದ್ದರೆ ಏನು ಕಂಡೀತು?

ನೀವು ಸಭೆಗೆ ಹೋದ ದಿನ ನಾನೇ ಆ ಪರೀಕ್ಷೆ ಮಾಡಿದೆ. ಹೈಡ್ರೋಜನ್ ಇಲ್ಲ, ಲೇಸರ್ ಮಾತ್ರ. ಅವೇ ಮಿಡಿತಗಳು ಬಂದವು, ಅಂದರೆ ಅವು ಪ್ರತಿದ್ರವ್ಯದವಲ್ಲ. ಲೇಸರಿನ ವಿದ್ಯುತ್ತು ನನ್ನ ಡಿಟೆಕ್ಟರಿನ ಹಳೆಯ ಕೇಬಲ್ಲಿಗೆ ನುಸುಳುತ್ತಿತ್ತು. ನಿಮಗಿದು ಮೊದಲೇ ಗೊತ್ತಿತ್ತೋ, ಗೊತ್ತಾಗುವುದು ಬೇಡವೆಂದು ಕಣ್ಣು ಮುಚ್ಚಿಕೊಂಡಿರೋ? ನನಗೆ ತುಂಬಾ ನೋವಾಗಿದೆ. ನಿಮ್ಮ ಊಹೆಯನ್ನು ನಂಬದ ಊರವರ ಬಾಯಿ ಮುಚ್ಚಿಸಲು ಏನಾದರೂ ಮಾಡಿಕೊಳ್ಳಿ, ಆದರೆ ನನ್ನನ್ನೂ ಬಾಗಿಲ ಹೊರಗೆ ನಿಲ್ಲಿಸಿದಿರಲ್ಲ.

ನಾಳೆ ಪ್ರಬಂಧ ಪ್ರಕಟಣೆಗೆ ಹೋಗುತ್ತದೆ. ನಿಮ್ಮ ಹೆಸರಿನ ಕೆಳಗೆ ನನ್ನ ಹೆಸರಿದೆ. ನನ್ನೆದುರು ಆ ಪರೀಕ್ಷೆ ಮಾಡದೆ ಕಳಿಸುವುದಾದರೆ ನನ್ನ ಹೆಸರು ತೆಗೆದುಬಿಡಿ. ನಾನು ಮನೆಗೂ ಬರುವುದಿಲ್ಲ.

ಪ್ರೀತಿ ಉಳಿದಿರುವ, ನಂಬಿಕೆ ಉಳಿಯದ,
ನಿಮ್ಮವಳು

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಹಿಂಜರಿದೆ. ಅದೇ ದಿನ ಹೊಸ ಕೇಬಲ್ ಹಾಕಿ, ಹೈಡ್ರೋಜನ್ ತುಂಬಿ ಮತ್ತೆ ನೋಡಿದೆ. ಮಿಡಿತಗಳು ಹೆಚ್ಚುಕಡಿಮೆ ಎಲ್ಲ ಹೋದವು. ಕೆಲವು ಉಳಿದವು. ಅವು ನಿಜವೋ ಸುಳ್ಳೋ ತಿಳಿಯಲು ಹೈಡ್ರೋಜನ್ ತೆಗೆದು ಇನ್ನೊಮ್ಮೆ ಲೇಸರ್ ಬಿಡಬೇಕಿತ್ತು. ಬಿಡಲಿಲ್ಲ. ಯಂತ್ರ ಆರಿಸಿ, ಬಾಗಿಲು ಎಳೆದುಕೊಂಡು ಅಕ್ಕನ ಮನೆಗೆ ಬಂದುಬಿಟ್ಟೆ.