ಕೆಂಪು ಪೆನ್ನು ನನ್ನದು, ಶಿಕ್ಷೆ ಅವರಿಗೆ

ವಯಸ್ಕರ ಇಂಗ್ಲಿಷ್ ಪರೀಕ್ಷೆಯ ಮಾನ್ಯ ನಿಯಂತ್ರಕರೇ,

ತಾವು ಶಿಕ್ಷೆಯನ್ನು ತಪ್ಪು ವಿಳಾಸಕ್ಕೆ ಕಳುಹಿಸಿದ್ದೀರಿ. ಇಂಗ್ಲಿಷ್ ಕ್ರಿಯಾಪದದ ಕಾಲಗಳನ್ನು ಕುರಿತ ಪ್ರಾಥಮಿಕ ಪರೀಕ್ಷೆಯಲ್ಲಿ ನನ್ನ ಬೆಂಚಿನಲ್ಲಿ ಕುಳಿತಿದ್ದ ಮಹಿಳೆಯನ್ನು, ‘ಹೊರಗಿನ ನೆರವು ಪಡೆದಿದ್ದಾರೆ’ ಎಂಬ ಕಾರಣ ನೀಡಿ, ಎರಡು ವರ್ಷ ಪರೀಕ್ಷೆಯಿಂದ ಹೊರಗಿಟ್ಟಿದ್ದೀರಿ. ಆ ಹೊರಗಿನ ನೆರವು ನಾನೇ. ನನಗೆ ಮಾತ್ರ ಉತ್ತೀರ್ಣ ಪತ್ರವನ್ನೂ ಅದರ ಜೊತೆಗೆ ಅಭಿನಂದನೆಯನ್ನೂ ಕಳುಹಿಸಿದ್ದೀರಿ. ತಪ್ಪೊಪ್ಪಿಗೆಯ ಮೂರು ಪತ್ರಗಳನ್ನು ತಮ್ಮ ಕಚೇರಿಗೆ ಬರೆದೆ. ಮೂರಕ್ಕೂ ಉತ್ತರವಿಲ್ಲ. ಒಪ್ಪಿಕೊಳ್ಳುವವನನ್ನು ಹಿಡಿಯಲು ತಮಗೆ ಪುರುಸೊತ್ತಿಲ್ಲವೆಂದು ತಿಳಿದು, ಪತ್ರಿಕೆಯ ಮೂಲಕ ನಾಲ್ಕನೆಯದನ್ನು ಬರೆಯುತ್ತಿದ್ದೇನೆ.

ಕನ್ನಡ ಮಾಧ್ಯಮದಲ್ಲಿ ಓದಿ, ಕನ್ನಡ ಮಾಧ್ಯಮದಲ್ಲೇ ಮೂವತ್ತಾರು ವರ್ಷ ಲೆಕ್ಕ ಕಲಿಸಿದವನು ನಾನು. ಈ ವಯಸ್ಸಿನಲ್ಲಿ ಇಂಗ್ಲಿಷ್ ತರಗತಿಗೆ ಸೇರಿದ್ದಕ್ಕೆ ಕಾರಣ ಸೊಸೆ. ಒಂದು ಸಂಜೆ ನಾನು ಔಷಧಿ ಡಬ್ಬಿಯ ಮೇಲಿನ ಬರಹವನ್ನು ಕಷ್ಟಪಟ್ಟು ಓದುತ್ತಿದ್ದಾಗ ಆಕೆ, “ಕೊಡಿ ಮಾವ, ಅದೆಲ್ಲ ನಿಮಗೆ ಬರಲ್ಲ ಬಿಡಿ” ಎಂದಳು. ‘ಬರಲ್ಲ ಬಿಡು’ ಎಂಬ ಮಾತನ್ನು ನಾನು ಅದೆಷ್ಟೋ ಮಕ್ಕಳಿಗೆ ಹೇಳಿದ್ದೆ. ಅದು ಇಷ್ಟು ಚುಚ್ಚುತ್ತದೆಂದು ಆ ಮಕ್ಕಳಲ್ಲಿ ಒಬ್ಬರೂ ತಿಳಿಸಿರಲಿಲ್ಲ. ಮರುದಿನವೇ ಗ್ರಂಥಾಲಯದ ಮಹಡಿಯ ಸಂಜೆ ತರಗತಿಗೆ ಹೋಗಿ ಹೆಸರು ಬರೆಸಿದೆ. ಭೂತ, ವರ್ತಮಾನ, ಭವಿಷ್ಯತ್ ಎಂಬ ಮೂರೇ ಕಾಲಗಳಲ್ಲಿ ಅರವತ್ತೊಂಬತ್ತು ವರ್ಷ ಸುಖವಾಗಿ ಬಾಳಿದವನ ಮುಂದೆ ಹನ್ನೆರಡನ್ನು ಹರವಿದರು. ನಾನು ದೂರಲಿಲ್ಲ. ಕೆಲವರ ಮನೆಯಲ್ಲಿ ಕೋಣೆಗಳು ಹೆಚ್ಚು, ಅಷ್ಟೇ.

ನನ್ನ ಬೆಂಚಿಗೆ ಬಂದವರೇ ತಾವು ಶಿಕ್ಷಿಸಿರುವ ಈ ಮಹಿಳೆ. ಆಸ್ಪತ್ರೆಯ ಮೂರು ಮಹಡಿಗಳಿಂದ ಹೊದಿಕೆಗಳ ಗಂಟು ಹೊತ್ತು ನೆಲಮಾಳಿಗೆಯ ಒಗೆಯುವ ಕೋಣೆಗೆ ಇಳಿಸುವುದು ಅವರ ಕೆಲಸ. ಮಂಡಿ ಎರಡೂ ಹೋಗಿವೆ. ಮೊದಲ ದಿನ ‘ಈಟ್, ಏಟ್, ಈಟನ್’ ಎಂದು ತರಗತಿಯೆಲ್ಲ ಒಕ್ಕೊರಲಿನಿಂದ ಕೂಗುತ್ತಿದ್ದಾಗ ಅವರು ನನ್ನತ್ತ ಬಾಗಿ, “ಒಂದು ಊಟಕ್ಕೆ ಇಷ್ಟು ಏಟು ತಿನ್ನಬೇಕಾ ಮೇಷ್ಟ್ರೇ?” ಎಂದು ಕೇಳಿದರು. ಹಾಗೆಂದು ಅವರನ್ನು ತಮಾಷೆಯ ವಿದ್ಯಾರ್ಥಿಯೆಂದು ಭಾವಿಸಬೇಡಿ. ವಾರ್ಡಿನಲ್ಲಿ ಕುಳಿತು ರೋಗಿಗಳ ದಿನಚರಿ ಬರೆಯುವ ಸಹಾಯಕಿಯ ಹುದ್ದೆ ಖಾಲಿಯಿದೆ. ದಿನಚರಿ ಇಂಗ್ಲಿಷಿನಲ್ಲಿರುವುದರಿಂದ ಅದಕ್ಕೆ ತಮ್ಮ ಪ್ರಮಾಣಪತ್ರ ಬೇಕು. ಕಾಲಗಳ ಮಹತ್ವವನ್ನು ನನಗೆ ಮನವರಿಕೆ ಮಾಡಿದ್ದು ತಮ್ಮ ಪಠ್ಯಪುಸ್ತಕವಲ್ಲ, ಈ ಮಹಿಳೆ. “ಜ್ವರ ಇತ್ತು ಅನ್ನೋದನ್ನ ಇದೆ ಅಂತ ಬರೆದ್ರೆ, ಇಳಿದ ಜ್ವರಕ್ಕೆ ಇನ್ನೊಂದು ಸೂಜಿ ಬೀಳತ್ತೆ ಮೇಷ್ಟ್ರೇ. ತಪ್ಪು ನಂದು, ನೋವು ಅವರದು.”

ಇನ್ನು ನನ್ನ ಅಪರಾಧ. ಪ್ರತಿ ಗುರುವಾರ ವಿದ್ಯಾರ್ಥಿಗಳು ಪುಸ್ತಕ ಬದಲಿಸಿಕೊಂಡು, ಪರಸ್ಪರರ ತಪ್ಪುಗಳನ್ನು ಕೆಂಪು ಶಾಯಿಯಲ್ಲಿ ತಿದ್ದಿ, ಅಂಕ ಹಾಕಿ, ಸಹಿ ಮಾಡಬೇಕೆಂಬುದು ತಮ್ಮದೇ ಸುತ್ತೋಲೆ. ಎಂಟು ತಿಂಗಳು ಅವರ ಪುಸ್ತಕ ನನಗೆ, ನನ್ನದು ಅವರಿಗೆ. ಅವರೇನೂ ದಾಕ್ಷಿಣ್ಯ ತೋರುವವರಲ್ಲ. “ಇಲ್ಲೂ ‘ಎಸ್’ ನುಂಗಿದ್ದೀರಿ. ಹೋದ ವಾರಾನೂ ನುಂಗಿದ್ರಿ. ಹೊಟ್ಟೆ ಕೆಡತ್ತೆ ಮೇಷ್ಟ್ರೇ” ಎನ್ನುತ್ತಿದ್ದರು.

ಪರೀಕ್ಷೆಯೂ ಗುರುವಾರವೇ ಬಂತು. ಅವರು ಅರ್ಧ ಗಂಟೆ ಮೊದಲೇ ಮುಗಿಸಿ, ಮೇಲ್ವಿಚಾರಕರ ಸೂಚನೆಯಂತೆ ಉತ್ತರಪತ್ರಿಕೆಯನ್ನು ಬೆಂಚಿನ ತುದಿಗಿಟ್ಟು ಕೆಲಸಕ್ಕೆ ಓಡಿದರು. ಬೆಂಚಿನ ತುದಿಯಲ್ಲಿದ್ದವನು ನಾನು. ನನ್ನದನ್ನು ಮುಗಿಸಿ ನೋಡುತ್ತೇನೆ, ಎದುರಿಗೆ ಬರೆದಿಟ್ಟ ಪತ್ರಿಕೆ. ಮುಂದಿನದಕ್ಕೆ ನನ್ನ ಬುದ್ಧಿಯನ್ನು ದೂರಿ ಫಲವಿಲ್ಲ. ಅದನ್ನು ಕೇಳಿ ಮಾಡಿದ್ದಲ್ಲ. ಕೈ ತಾನಾಗಿ ಜೇಬಿಗೆ ಹೋಯಿತು. ಕೆಂಪು ಪೆನ್ನು ಬಂತು. ಸರಿಗೆ ಸರಿ ಹಾಕಿ, ತಪ್ಪಿಗೆ ಅಡಿಗೆರೆ ಎಳೆದು, ಪಕ್ಕದಲ್ಲಿ ತಿದ್ದಿ, ಐವತ್ತಕ್ಕೆ ನಲವತ್ತೊಂದು ಎಂದು ಬರೆದು, ಕೆಳಗೆ ಸಹಿಯನ್ನೂ ಜಡಿದೆ. ಮೇಲ್ವಿಚಾರಕರು ಬಂದು, “ಏನ್ರೀ ಮಾಡ್ತಿದ್ದೀರಿ?” ಎಂದು ಕೇಳಿದಾಗ, “ಇದೊಂದು ಮುಗೀತು, ತಗೊಳ್ಳಿ” ಎಂದು ಕೈಗೆ ಕೊಟ್ಟವನೂ ನಾನೇ.

ಈಗ ಕೇಳುತ್ತೇನೆ. ಉತ್ತರಗಳು ನೀಲಿ, ತಿದ್ದುಪಡಿಗಳು ಕೆಂಪು. ಕೆಂಪು ಶಾಯಿಯಲ್ಲಿ ನಕಲು ಮಾಡಿಸಿ, ತನ್ನ ತಪ್ಪುಗಳಿಗೆ ತಾನೇ ಅಡಿಗೆರೆ ಎಳೆಸಿಕೊಂಡು, ನೆರವಿತ್ತವನ ಸಹಿಯನ್ನೂ ಪಡೆದು, ಆಮೇಲೆ ಸಿಕ್ಕಿಬೀಳುವ ಕಳ್ಳರು ತಮ್ಮ ಅನುಭವದಲ್ಲಿ ಎಷ್ಟು ಮಂದಿ? ನೆರವು ದೊರೆತ ಹೊತ್ತಿಗೆ ಅವರು ಆಸ್ಪತ್ರೆಯಲ್ಲಿ ಗಂಟು ಹೊರುತ್ತಿದ್ದರು. ಕೊಠಡಿಯಲ್ಲೇ ಇಲ್ಲದವರು ಅದನ್ನು ‘ಪಡೆದದ್ದು’ ಹೇಗೆ? ಆ ಹುದ್ದೆಯ ವಯೋಮಿತಿ ಐವತ್ತು. ಅವರಿಗೀಗ ನಲವತ್ತೊಂಬತ್ತು. ಲೆಕ್ಕದ ಮೇಷ್ಟ್ರಾಗಿ ಹೇಳುತ್ತೇನೆ, ಅದಕ್ಕೆ ಎರಡು ಕೂಡಿಸಿದರೆ ಐವತ್ತೊಂದು. ತಮ್ಮ ಕಚೇರಿಯಲ್ಲಿ ಬೇರೆ ಉತ್ತರ ಬರುವುದಾದರೆ ದಯವಿಟ್ಟು ವಿಧಾನವನ್ನು ವಿವರಿಸಿ.

ತಮ್ಮ ಆದೇಶ ತಲುಪಿದ ದಿನ ನಾನು ಒಗೆಯುವ ಕೋಣೆಗೆ ಹೋಗಿ ಕ್ಷಮೆ ಕೇಳಿದೆ. ಅವರು ಕೈಯಲ್ಲಿದ್ದ ಹೊದಿಕೆಯನ್ನು ಮಡಿಸಿ ಬದಿಗಿಟ್ಟರು.

“ಎಷ್ಟು ಬಂದಿತ್ತು ಮೇಷ್ಟ್ರೇ?” ಎಂದರು.

“ನಲವತ್ತೊಂದು.”

“ನಿಜವಾಗ್ಲೂ? ನನ್ ಮುಖ ನೋಡಿ ಹಾಕಿದ್ದಲ್ಲ ತಾನೇ?”

ನಾನು ಮುಖ ನೋಡಿ ಅಂಕ ಹಾಕಿದವನಲ್ಲವೆಂದೆ. ಆ ಅಂಕವನ್ನೇ ಒಂದು ಹಾಳೆಯಲ್ಲಿ ಬರೆದುಕೊಡಿ ಎಂದರು. ಬರೆದುಕೊಟ್ಟೆ.

ನನ್ನ ಬೇಡಿಕೆ ಇಷ್ಟು. ಇದೇ ಮೂವತ್ತನೆಯ ತಾರೀಖು ಹುದ್ದೆಯ ಅರ್ಜಿಗೆ ಕೊನೆಯ ದಿನ. ಅಷ್ಟರೊಳಗೆ ಕೆಂಪನ್ನು ಬದಿಗಿಟ್ಟು ನೀಲಿಯನ್ನು ಮಾತ್ರ ಓದಿ, ತಮ್ಮ ಮೌಲ್ಯಮಾಪಕರಿಂದಲೇ ಅಂಕ ಹಾಕಿಸಿ. ಶಿಕ್ಷೆಯಿಲ್ಲದೆ ಕಡತ ಮುಚ್ಚಲಾಗದಿದ್ದರೆ ನನ್ನ ಪ್ರಮಾಣಪತ್ರವನ್ನು ತಮಗೆ ಅಂಚೆಯಲ್ಲಿ ಕಳುಹಿಸಿದ್ದೇನೆ, ರದ್ದುಪಡಿಸಿ. ಆ ಎರಡು ವರ್ಷಗಳನ್ನು ನನಗೆ ಕೊಡಿ. ನನಗಾಗಿ ಯಾವ ವಯೋಮಿತಿಯೂ ಕಾದು ನಿಂತಿಲ್ಲ. ನಾನು ಬರೆದುಕೊಟ್ಟ ಹಾಳೆಯನ್ನು ಅವರು ನಾಲ್ಕು ಮಡಿಕೆ ಮಾಡಿ ಅರ್ಜಿಗೆ ಲಗತ್ತಿಸಿ ಕೊಟ್ಟರಂತೆ. ಆಸ್ಪತ್ರೆಯವರು ಓದಿ, “ಇದಕ್ಕೆ ಸೀಲ್ ಇಲ್ವಲ್ಲಮ್ಮಾ” ಎಂದು ಹಿಂದಿರುಗಿಸಿದರಂತೆ. ಸೀಲು ತಮ್ಮ ಮೇಜಿನ ಮೇಲಿದೆ.

ಇಂತಿ,
ತಾನಾಗಿ ಬಂದು ನಿಂತರೂ ಯಾರೂ ಹಿಡಿಯದ
ಒಬ್ಬ ನಿವೃತ್ತ ಲೆಕ್ಕದ ಮೇಷ್ಟ್ರು
(ಸದ್ಯಕ್ಕೆ ಉತ್ತೀರ್ಣ)