ಏಳನೆಯ ಲೆವೆಲ್‌ನ ಪೆಟ್ಟಿಗೆ

ಕಕ್ಕಿಂಜೆ
೧೮ ಫೆಬ್ರವರಿ ೨೦೦೧

ಪ್ರೀತಿಯ ವಿಜೇತಾ,

ನಾನು ಕ್ಷೇಮ. ನಿನ್ನ ಪತ್ರ ಬಂದು ಎರಡು ತಿಂಗಳಾದರೂ ಉತ್ತರಿಸಲಿಲ್ಲ. ಬೈಯುವುದಿದ್ದರೆ ಮೊದಲು ಬೈದು ಮುಗಿಸು, ಆಮೇಲೆ ಓದು. ಅತ್ತೆಗೆ ಮೊಣಕಾಲು ನೋವಿತ್ತು ಎಂದು ನೆಪ ಹೇಳೋಣವೆಂದರೆ, ಅವರು ನಿನ್ನೆಯಷ್ಟೇ ಬಸ್ಸಿಗೆ ಕಾಯದೆ ಮುಂಡಾಜೆಯಿಂದ ನಡೆದೇ ಬಂದರು!

ಮೊದಲು ಕೆಲಸದ ಮಾತು. ನಮ್ಮ ಪೆಟ್ಟಿಗೆ ತಳ್ಳುವ ಕಂಪ್ಯೂಟರ್ ಆಟಕ್ಕೆ ಚೌಕದ ಹಾಳೆಯಲ್ಲಿ ನೀನು ಬರೆದು ಕಳಿಸಿದ ಹೊಸ ಲೆವೆಲ್ ಆಡಿದೆ. ಎಂಬತ್ತಾರು ನಡೆಗಳಲ್ಲಿ ಮುಗಿಯಿತು. ನಡುವಿನ ಓಣಿ ಬಹಳ ಚೆನ್ನಾಗಿದೆ. ಪೆಟ್ಟಿಗೆಯನ್ನು ಗುರಿಯಿಂದ ದೂರ ತಳ್ಳಿದರೆ ಮಾತ್ರ ದಾರಿ ತೆರೆಯುತ್ತದೆಂದು ಹೊಳೆದಾಗ ಒಬ್ಬಳೇ ನಕ್ಕೆ. ಎಡಮೂಲೆಯ ಮೂರು ಚೌಕ ಮಾತ್ರ ತೆಗೆದುಹಾಕು. ಆಡುವವಳು ತನ್ನ ತಪ್ಪಿನಿಂದ ಸಿಕ್ಕಿಬೀಳಬೇಕು, ನಿನ್ನ ತುಂಟತನದಿಂದಲ್ಲ.

ಹಾಳೆಯ ಕೆಳಗೆ 'ಇದೇ ಕೊನೆಯದು' ಎಂದು ಬರೆದಿದ್ದೀಯಲ್ಲ, ಅದನ್ನು ಹತ್ತು ಸಲ ಓದಿದೆ. ಬಂಟ್ವಾಳದಲ್ಲಿ ನೀನು ಕಲಿಸುವ ಕಂಪ್ಯೂಟರ್ ಕ್ಲಾಸಿನಲ್ಲಿ ಏಳನೆಯ ಲೆವೆಲ್ ಯಾರಿಗೂ ಮುಗಿಯಲಿಲ್ಲವಂತೆ. ಸೆಂಟರ್ ನಡೆಸುವ ಸುಧಾಕರರು ಎಲ್ಲರೆದುರೇ "ಬಾಗಿಲೇ ಇಲ್ಲದ ಮನೆ ಕಟ್ಟಿದ್ದೀರಲ್ಲ ಮಾರಾಯ್ರೆ" ಎಂದು ನಕ್ಕರಂತೆ. 'ನನ್ನ ತಲೆ ಇಷ್ಟೇ' ಎಂದು ನೀನು ಬರೆದದ್ದು ಓದಿ ಅನ್ನ ಸೇರಲಿಲ್ಲ.

ತಪ್ಪು ನನ್ನದು. ಮೂಡುಬಿದಿರೆಯಲ್ಲಿ ಕಂಪ್ಯೂಟರ್ ಕಲಿಯುವಾಗಲೇ ನಾವು ಮಾಡಿಕೊಂಡ ನಿಯಮ ನೆನಪಿದೆಯಲ್ಲ? ಹೆತ್ತವರಿಗೆ ಹೆಗ್ಗಣ ಮುದ್ದು, ಆದ್ದರಿಂದ ಮಾಡಿದವಳು ತೀರ್ಪು ಕೊಡಬಾರದು. ಇನ್ನೊಬ್ಬಳು ಆಡಿ, ನಡೆ ಎಣಿಸಿ ಹೇಳಿದ ಮೇಲೆಯೇ ಲೆವೆಲ್ ಪಾಸು. ಏಳನೆಯದಕ್ಕೆ ನೂರ ಹನ್ನೆರಡು ನಡೆ, ಪಾಸು ಎಂದು ಬರೆದವಳು ನಾನು. ಅದನ್ನು ನಂಬಿ ನೀನು ಫ್ಲಾಪಿಗೆ ಹಾಕಿದೆ. ಬಲಗೋಡೆಯನ್ನು ಒಂದು ಚೌಕ ಆಚೆ ಸರಿಸಿದರೆ ಅದು ಮುಗಿಯುತ್ತದೆ, ನಾಲ್ಕು ಸಲ ನೋಡಿದ್ದೇನೆ.

ಇಲ್ಲಿ ವಿಶೇಷವೇನಿಲ್ಲ. ಅಝೀಮ್ ಶುಕ್ರವಾರ ಸೌದಿಯ ದಮ್ಮಾಮಿನಿಂದ ಫೋನ್ ಮಾಡುತ್ತಾರೆ. "ಊಟ ಆಯ್ತಾ, ಉಮ್ಮ ಹೇಗಿದ್ದಾರೆ" ಎಂದು ನನ್ನನ್ನೂ ತಾಯಿಯನ್ನೂ ವಿಚಾರಿಸುವಷ್ಟರಲ್ಲಿ ಫೋನ್ ಕಾರ್ಡ್ ಮುಗಿಯುತ್ತದೆ. ಅತ್ತೆ ಮೊನ್ನೆ, "ಮಧ್ಯಾಹ್ನ ಪೂರ್ತಿ ಒಬ್ಬಳೇ ಎಂತ ಆಟ ಮಾರಾಯ್ತಿ? ಆಚೆಮನೆ ಸೌದಾಳ ಹತ್ರ ಆದ್ರೂ ಹೋಗಿ ಬಾ" ಎಂದರು. ಹೋದೆ. ಚಹಾ ಕುಡಿದು ಬಂದೆ. ನನ್ನ ಜೊತೆ ನಿಜವಾಗಿ ಮಾತಾಡುವುದು ನಿನ್ನ ಚೌಕದ ಹಾಳೆಗಳು ಮಾತ್ರ.

ನಿನ್ನ ಅಮ್ಮ ನೀಲಾವತಿಯಮ್ಮನಿಗೆ ನನ್ನ ಸಲಾಂ ಹೇಳು. ಅಲ್ಲಾಹು ನಿನ್ನ ಕೈಯನ್ನೂ ಪೆನ್ಸಿಲನ್ನೂ ಕಾಯಲಿ.

ನಿನ್ನ
ಹಫ್ಸ

ವಿ.ಸೂ.: ಇದನ್ನು ಮೇಲೆ ಬರೆಯಲು ಧೈರ್ಯ ಬರಲಿಲ್ಲ. ನಮ್ಮ ಮನೆಗೆ ಕಂಪ್ಯೂಟರ್ ಬಂದೇ ಇಲ್ಲ, ವಿಜೇತಾ. ಮದುವೆಯಾದ ವರ್ಷ ಅಝೀಮ್ "ಮುಂದಿನ ಸಲ ತರ್ತೇನೆ" ಎಂದರು. 'ಬಂದ ಮೇಲೆ ತಿಳಿಸು, ಲೆವೆಲ್ ಕಳಿಸುತ್ತೇನೆ' ಎಂದು ನೀನು ಬರೆದೆ. ಅಷ್ಟು ಕಾಲ ನಿನ್ನ ಪತ್ರವಿಲ್ಲದೆ ಇರಲಾರೆ ಎನಿಸಿ, ಬಂತು ಎಂದು ಬರೆದುಬಿಟ್ಟೆ. ಮೂರು ವರ್ಷದಿಂದ ಹಜಾರದ ಟೈಲ್ಸಿನ ಮೇಲೆ ಸೀಮೆಸುಣ್ಣದ ಗೋಡೆ ಎಳೆದು, ಖಾಲಿ ಬೆಂಕಿಪೆಟ್ಟಿಗೆಗಳನ್ನು ಇಟ್ಟು ಆಡುತ್ತಿದ್ದೇನೆ. ಪೆಟ್ಟಿಗೆ ತಳ್ಳುವ ಆಳು ನಾನೇ. ಒಂದೊಂದೇ ಚೌಕ ನಡೆದು, ಕಾಲಿನಿಂದ ತಳ್ಳುತ್ತೇನೆ.

ಏಳನೆಯದನ್ನು ಆಡಿದ್ದು ಒಂದು ಶುಕ್ರವಾರ. ಈ ವರ್ಷವೂ ಬರುವುದಿಲ್ಲ, ಇನ್ನೆರಡು ವರ್ಷ ಅಲ್ಲಿಯೇ ಎಂದು ಅಝೀಮ್ ಹೇಳಿ ಫೋನಿಟ್ಟಿದ್ದರು. ಬಂದು ನೋಡಿದರೆ ಕೊನೆಯ ಪೆಟ್ಟಿಗೆ ಗೋಡೆಗೆ ಅಂಟಿ ನಿಂತಿತ್ತು. ನಮ್ಮ ಆಟದಲ್ಲಿ ತಳ್ಳಬಹುದು, ಎಳೆಯುವಂತಿಲ್ಲ. ಕಂಪ್ಯೂಟರ್ ಆಗಿದ್ದರೆ ಬಿಡುತ್ತಿರಲಿಲ್ಲ. ನಾನು ಗೊತ್ತಿದ್ದೇ ಬಗ್ಗಿ, ಅದನ್ನು ಒಂದು ಚೌಕ ನನ್ನ ಕಡೆಗೆ ಎಳೆದುಕೊಂಡೆ. ಆ ನಡೆಯೂ ಸೇರಿ ನೂರ ಹನ್ನೆರಡು.

ನಮ್ಮ ಹಜಾರ ಹನ್ನೊಂದು ಟೈಲ್ಸ್ ಉದ್ದ, ಒಂಬತ್ತು ಅಗಲ. ಇನ್ನೂ ಕಳಿಸುವುದಾದರೆ, ಅದಕ್ಕೆ ಸರಿಯಾಗಿ ಕಳಿಸು.