ಗುರುತಿನ ಮುಖ

6 ಜೂನ್ 2004
ಇವತ್ತೂ ಪೊಲೀಸ್ ಸ್ಟೇಷನ್ನಿಗೆ ರೊಟ್ಟಿ ಕೊಟ್ಟು ಬಂದೆ. ಅಂಗಳದಲ್ಲಿ ವಾಲಿಬಾಲ್ ನೆಟ್, ನೆರಳಲ್ಲಿ ಕ್ಯಾರಂ ಬೋರ್ಡು. ಇನ್‌ಸ್ಪೆಕ್ಟರ್ ವಿರೂಪಾಕ್ಷ ನಮ್ಮ ಊರ ಕಡೆಯವರು. “ಓಣಿ ಹುಡುಗರಿಗೆ ಕ್ಲಬ್ಬು ಮಾಡೀವಿ ಅವ್ವ. ಮೊಮ್ಮಗನ್ನ ಕಳಸ್ರಿ. ಪೊಲೀಸರಂದ್ರ ಅವರಿಗಿರೋ ಅಂಜಿಕಿ ಹೋಗಬೇಕು.”
ಅವರು ಒಳಗೆ ಹೋದ ಮೇಲೆ ಹೆಡ್ ಕಾನ್‌ಸ್ಟೇಬಲ್ ಬೈಲಪ್ಪ ನಕ್ಕ. “ಪುಂಡರನ್ನ ಕರೆದು ಆಟ ಆಡ್ಸೋಕೆ ನಾವೇನು ಪಿ.ಟಿ. ಮೇಷ್ಟ್ರಾ ಅಜ್ಜಿ?”
“ನಿಮ್ಮ ಹೊಟ್ಟಿ ನೋಡಿದ್ರ ಮೊದಲು ನೀವೇ ಆಡಬೇಕ್ರಿ,” ಅಂದೆ.

9 ಜೂನ್
ಮೊಮ್ಮಗ ಶಿವಪುತ್ರ ಒಲ್ಲೆ ಅಂದ. ಫ್ಯಾಕ್ಟರಿಯಲ್ಲಿ ನಿಂತು ನಿಂತು ಕಾಲು ನೋವಂತೆ... ಸುಳ್ಳು. ಆಮೇಲೆ ಬಾಯಿಬಿಟ್ಟ. “ಪೊಲೀಸರಿಗೆ ನನ್ನ ಮುಖ ಗೊತ್ತಾಗೋದು ಬ್ಯಾಡ ಆಯಿ.”
ಬೈದೆ. ಊರಲ್ಲಿ ಗೌಡರ ಮನೆಗೆ ಗುರುತಿದ್ದವರ ಮೈ ಯಾರೂ ಮುಟ್ಟುತ್ತಿರಲಿಲ್ಲ. ಇಲ್ಲಿ ಪೊಲೀಸರೇ ಗೌಡರು. ಕೈ ಹಿಡಿದು ಕರೆದೊಯ್ದೆ. ಹೆಸರು, ಮನೆ, ಓಣಿ — ಎಲ್ಲ ನಾನೇ ಹೇಳಿದೆ.

22 ಆಗಸ್ಟ್
ಹುಡುಗ ನಗುತ್ತ ಮನೆಗೆ ಬರುತ್ತಾನೆ. ಅಂಗಿ ತುಂಬ ಮಣ್ಣು. ಬೈಲಪ್ಪನೇ ಅವನ ಹೆಗಲು ತಟ್ಟಿ “ಏನ್ ಮಗಾ” ಅನ್ನುತ್ತಾನೆ. ನನಗೆ ಹೇಳಿದ, “ತಪ್ಪು ತಿಳ್ಕೊಂಡಿದ್ದೆ ಅಜ್ಜಿ. ಈ ಕ್ಲಬ್ಬಿಂದ ಉಪಯೋಗ ಇದೆ.” ಎರಡು ರೊಟ್ಟಿ ಹೆಚ್ಚಿಗೆ ಕೊಟ್ಟೆ.

14 ಅಕ್ಟೋಬರ್
ವಿರೂಪಾಕ್ಷ ಸಾಹೇಬರಿಗೆ ಹಲಸೂರು ಸ್ಟೇಷನ್ನಿಗೆ ವರ್ಗ. ಹೊಸ ಸಾಹೇಬ ಬಂದವನೇ ನೆಟ್ ಬಿಚ್ಚಿಸಿದ. “ಇದು ಸ್ಟೇಷನ್ನೋ, ಶಿಶುವಿಹಾರಾನೋ?” ಅಲ್ಲಿ ಈಗ ಹಿಡಿದು ತಂದ ಸ್ಕೂಟರುಗಳು.

3 ನವೆಂಬರ್
ಮಾರ್ಕೆಟ್ ರೋಡಿನ ಚಿನ್ನದಂಗಡಿಯಲ್ಲಿ ಕಳ್ಳತನ. ಬೆಳಿಗ್ಗೆ ಬೈಲಪ್ಪ ಬಂದು ಶಿವಪುತ್ರನನ್ನು ಎಬ್ಬಿಸಿ ಎಳೆದೊಯ್ದ. ಕ್ಲಬ್ಬಿನ ಎಲ್ಲ ಹುಡುಗರನ್ನೂ.
“ನನ್ನ ಮೊಮ್ಮಗ ಎಂಥವ ಅಂತ ನಿಮಗೆ ಗೊತ್ತಿಲ್ಲೇನ್ರಿ?”
“ಗೊತ್ತು ಅಜ್ಜಿ. ಸಾಹೇಬ್ರು ಸಂಜೆಯೊಳಗೆ ಯಾರಾದ್ರೂ ಹುಡುಗ್ರನ್ನ ಹಿಡಿದು ತನ್ನಿ ಅಂದ್ರು. ಎಲ್ಲಿ ಅಂತ ಹುಡುಕ್ಲಿ? ಇವರ ಮನೆಗಳಾದ್ರೆ ಗೊತ್ತು.” ಆಮೇಲೆ ಮೆಲ್ಲಗೆ, “ಉಪಯೋಗ ಇದೆ ಅಂತ ಅವತ್ತೇ ಹೇಳ್ಲಿಲ್ವಾ?”
ಬರಿಗಾಲಲ್ಲೇ ಅವರ ಹಿಂದೆ ಓಡಿದೆ.

6 ನವೆಂಬರ್
ಹಲಸೂರಿಗೆ ಹೋದೆ. ವಿರೂಪಾಕ್ಷ ಸಾಹೇಬರು ಕುರ್ಚಿ ಹಾಕಿಸಿದರು, ಚಹಾ ತರಿಸಿದರು. “ಅಲ್ಲಿ ಈಗ ನನ್ನ ಮಾತು ನಡ್ಯಂಗಿಲ್ಲವ್ವ.” ಕಣ್ಣಲ್ಲಿ ನೀರು ಇತ್ತು, ಸುಳ್ಳಲ್ಲ. ಅವರ ಬೆನ್ನ ಹಿಂದೆ ಹೊಸ ಕ್ಯಾರಂ ಬೋರ್ಡು. ಬಾಗಿಲಲ್ಲಿ ಒಬ್ಬಳು ತಾಯಿ, ಮಗನ ಕೈ ಹಿಡಿದು ಕಾನ್‌ಸ್ಟೇಬಲ್ಲಿಗೆ ಮನೆಯ ಗುರುತು ಹೇಳುತ್ತಿದ್ದಳು. ಚಹಾ ಬಿಟ್ಟು ಎದ್ದೆ.

9 ನವೆಂಬರ್
ನಿನ್ನೆ ಹುಡುಗರನ್ನ ಬಿಟ್ಟರು. ಕಳ್ಳರು ಬೇರೆಲ್ಲೋ ಸಿಕ್ಕರಂತೆ. ಶಿವಪುತ್ರನ ಬಲಗೈ ಮೇಲೇಳದು. ತುತ್ತು ಮಾಡಿ ಉಣ್ಣಿಸಿದೆ. ಬಾಯಿ ತೆರೆದ, ನನ್ನ ಕಡೆ ನೋಡಲಿಲ್ಲ.
ಸ್ಟೇಷನ್ನಿಂದ ಹೇಳಿ ಕಳಿಸಿದ್ದಾರೆ — ರೊಟ್ಟಿ ಯಾಕೆ ಬರುತ್ತಿಲ್ಲ? ಒಲ್ಲೆ ಅಂದೆ.
“ಕೊಡು ಆಯಿ,” ಗೋಡೆಗೆ ಮುಖ ಮಾಡಿಯೇ ಅಂದ ಶಿವಪುತ್ರ. “ಮನಿ ಗೊತ್ತದ ಅವರಿಗೆ.”
ಹಿಟ್ಟು ನಾದಿದೆ. ಒಂದು ರೊಟ್ಟಿ ತಟ್ಟಿದೆ, ಅಷ್ಟೇ. ಆ ಸದ್ದಿಗೆ ಅವನು ಎದ್ದು ಕೂತು, ಎಡಗೈ ತಲೆಗೆ ಅಡ್ಡ ಹಿಡಿದು, “ಹೊಡೀಬ್ಯಾಡ್ರಿ ಸಾಹೇಬ್ರ,” ಅಂದ.